ಒಂದಿಂಚು ಚಿಕ್ಕ ಬೆಲ್ಟು

ಕಳೆದ ವರ್ಷ ಮೇ ತಿಂಗಳ ಕೊನೆಯ ಭಾನುವಾರ. ಪುಣೆಯಲ್ಲಿ ಹಿಂದಿನ ಸಂಜೆಯಷ್ಟೇ ಒಂದು ಅಡ್ಡಮಳೆ ಬಿದ್ದು ನೆಲ ಹದವಾಗಿತ್ತು. ನಮ್ಮ ಸೊಸೈಟಿಯ ಮಾಳಿ ಕಾಕಾ ಹುಲ್ಲುಹಾಸಿನ ಮೇಲೆ ಏರೇಟರ್ ಓಡಿಸುತ್ತಿದ್ದರು. ಸಾಲಿನ ಕೊನೆಗೆ ಬಂದಾಗ ಯಂತ್ರ ನಿಲ್ಲಿಸಲೆಂದು ಹಿಡಿಕೆಯ ಲಿವರ್ ಬಿಟ್ಟರು. ಯಂತ್ರ ನಿಲ್ಲಲಿಲ್ಲ. ನೂರು ಕಿಲೋಗೂ ಮಿಕ್ಕಿದ ಆ ಕಬ್ಬಿಣ ಹಲ್ಲು ಕಚ್ಚುತ್ತಲೇ ಮುಂದೆ ಹೋಗಿ, ದಾಸವಾಳದ ಸಾಲಿನ ಕಟ್ಟೆ ಹತ್ತಿ, ಸಿಮೆಂಟ್ ಬೆಂಚಿಗೆ ಗುದ್ದಿ ಆಫ್ ಆಯಿತು. ತಡೆಯಲು ಹೋಗಿದ್ದ ಕಾಕಾ ಅವರ ಪಾದಕ್ಕೂ ಹಲ್ಲುಗಳಿಗೂ ನಡುವೆ ಒಂದು ಗೇಣು ಉಳಿದಿತ್ತು.

ಮಾರನೆಯ ದಿನ ಸಂಜೆ ಕಮಿಟಿ ಸಭೆ. ಯಂತ್ರದ ಉಸ್ತುವಾರಿ ನನ್ನದು. ‘ಎಂಟೆಕ್ ಮಾಡಿದವರು’ ಎಂಬ ಒಂದೇ ಕಾರಣಕ್ಕೆ ನೀರಿನ ಪಂಪಿನಿಂದ ಹಿಡಿದು ಲಿಫ್ಟಿನ ತನಕ ಎಲ್ಲವೂ ನನ್ನ ತಲೆಗೆ ಬರುತ್ತವೆ. ‘ಏನಾಯಿತು?’ ಎಂದು ಕೇಳಿದರು. ‘ಬೆಲ್ಟ್ ಹೊಸದು, ಹೋದ ವಾರವಷ್ಟೇ ನಾನೇ ಹಾಕಿದ್ದು. ಲಿವರ್ ಪೂರ್ತಿ ಬಿಟ್ಟಿರಲಿಕ್ಕಿಲ್ಲ. ಆಪರೇಟರ್ ತಪ್ಪು’ ಎಂದೆ. ಎಲ್ಲರೂ ತಲೆಯಾಡಿಸಿದರು. ಕಾಕಾ ಬಾಗಿಲ ಬಳಿ ನಿಂತಿದ್ದರು. ಒಂದು ಮಾತೂ ಆಡಲಿಲ್ಲ.

ಯಂತ್ರವನ್ನು ಮಾರುವುದು, ಮುಂದಿನ ವರ್ಷದಿಂದ ಈ ಕೆಲಸವನ್ನು ಗುತ್ತಿಗೆದಾರರಿಗೆ ಕೊಡುವುದು ಎಂದು ತೀರ್ಮಾನವಾಯಿತು. ಹತ್ತು ನಿಮಿಷದ ಚರ್ಚೆ. ಕಾಕಾ ಅವರಿಗೆ ಅದು ಹತ್ತು ನಿಮಿಷದ ವಿಷಯವಾಗಿರಲಿಲ್ಲ. ನಮ್ಮದೂ ಸೇರಿ ಅಕ್ಕಪಕ್ಕದ ಮೂರು ಸೊಸೈಟಿಗಳಿಗೆ ಇದೊಂದೇ ಯಂತ್ರ. ಮಳೆಗಾಲಕ್ಕೆ ಮುಂಚಿನ ಮೂರು ವಾರ ಅದನ್ನು ಓಡಿಸಿದ್ದಕ್ಕೆ ಸಿಗುವ ಹೆಚ್ಚುವರಿ ಕೂಲಿಯಿಂದಲೇ ಅಕ್ಕಲಕೋಟೆ ತಾಲ್ಲೂಕಿನ ಅವರ ಎರಡೆಕರೆಗೆ ತೊಗರಿ ಬೀಜ, ಗೊಬ್ಬರ ಬರುತ್ತಿತ್ತು.

ಹುಲ್ಲಿಗೂ ಉಸಿರು ಬೇಕು

ಏರೇಟರ್ ಎಂದರೇನು ಎಂದು ನನ್ನ ಹೆಂಡತಿಯೇ ಕೇಳಿದ್ದಳು, ಹಾಗಾಗಿ ನಿಮಗೂ ಹೇಳಿಬಿಡುತ್ತೇನೆ. ಪುಣೆಯ ಬಹುಭಾಗ ಎರೆಮಣ್ಣು. ನಮ್ಮ ಗದಗ, ರೋಣದ ಕಡೆಯ ಹೊಲಗಳ ಹಾಗೇ. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ವರ್ಷವಿಡೀ ಮಕ್ಕಳ ಕ್ರಿಕೆಟ್, ಗಣಪತಿ ಹಬ್ಬದ ಪೆಂಡಾಲು, ಸಂಜೆಯ ವಾಕಿಂಗ್. ತುಳಿದು ತುಳಿದು ಮಣ್ಣು ಹೆಂಟೆಯಂತೆ ಗಟ್ಟಿಯಾಗುತ್ತದೆ. ಮಣ್ಣಿನ ಕಣಗಳ ನಡುವಿನ ಸಂದು ಮುಚ್ಚಿದರೆ ಬೇರಿಗೆ ಗಾಳಿ ಹೋಗುವುದಿಲ್ಲ, ನೀರು ಇಳಿಯುವುದಿಲ್ಲ, ಮೇಲೇ ನಿಲ್ಲುತ್ತದೆ. ಹುಲ್ಲು ಹಳದಿಯಾಗುತ್ತದೆ.

ಏರೇಟರ್‌ನ ಉರುಳೆಗೆ ಟೊಳ್ಳಾದ ಉಕ್ಕಿನ ಹಲ್ಲುಗಳಿರುತ್ತವೆ. ಅದು ಉರುಳುತ್ತಾ ಎರಡು ಮೂರು ಇಂಚು ಆಳಕ್ಕೆ ಇಳಿದು ಹೆಬ್ಬೆರಳ ಗಾತ್ರದ ಮಣ್ಣಿನ ತುಂಡುಗಳನ್ನು ಕಿತ್ತು ಮೇಲೆ ಎಸೆಯುತ್ತದೆ. ಆ ತೂತುಗಳಲ್ಲಿ ಗಾಳಿ ಆಡುತ್ತದೆ, ಮಳೆನೀರು ಇಳಿಯುತ್ತದೆ, ಬೇರು ಹರಡುತ್ತದೆ. ಬರ್ಮುಡಾದಂಥ ಬೆಚ್ಚನೆ ಹವೆಯ ಹುಲ್ಲಿಗೆ ಇದಕ್ಕೆ ಒಳ್ಳೆಯ ಕಾಲ ಅದು ಚಿಗುರುವ ಹೊತ್ತು, ಅಂದರೆ ನಮ್ಮಲ್ಲಿ ಮಳೆಗೆ ಸ್ವಲ್ಪ ಮುಂಚೆ. ಮಣ್ಣು ತೇವ ಇರಬೇಕು, ಕೆಸರಾಗಿರಬಾರದು. ಒಣ ಎರೆಮಣ್ಣಿಗೆ ಹಲ್ಲು ಇಳಿಯದು. ಕೆಸರಾದರೆ ಹಲ್ಲಿನೊಳಗೇ ಮಣ್ಣು ಕಟ್ಟಿಕೊಳ್ಳುತ್ತದೆ.

ಎಂಜಿನ್ನಿನ ಶಕ್ತಿ ಹಲ್ಲಿನ ತನಕ ಹೋಗುವ ದಾರಿ ಸರಳ. ಎಂಜಿನ್ ಶಾಫ್ಟಿನ ಪುಲ್ಲಿಯಿಂದ ಒಂದು ವಿ-ಬೆಲ್ಟು ನಡುವಿನ ಶಾಫ್ಟಿಗೆ, ಅಲ್ಲಿಂದ ಚೈನು ಹಲ್ಲಿನ ಉರುಳೆಗೆ. ಉರುಳೆ ತಿರುಗಿದರೆ ಯಂತ್ರವೂ ಮುಂದೆ ನಡೆಯುತ್ತದೆ. ನಮ್ಮ ಯಂತ್ರದಲ್ಲಿ ಕ್ಲಚ್ ಎಂದು ಬೇರೆ ಇಲ್ಲ. ಬೆಲ್ಟೇ ಕ್ಲಚ್ಚು. ಲಿವರ್ ಹಿಡಿದರೆ ಕೇಬಲ್ ಒಂದು ತೋಳನ್ನು ಎಳೆಯುತ್ತದೆ. ಆ ತೋಳಿನ ತುದಿಯ ಚಿಕ್ಕ ಗಾಲಿ, ಅಂದರೆ ಐಡ್ಲರ್ ಪುಲ್ಲಿ, ಬೆಲ್ಟಿನ ಬೆನ್ನನ್ನು ಒತ್ತುತ್ತದೆ. ಬೆಲ್ಟು ಬಿಗಿಯಾಗಿ ಪುಲ್ಲಿಯನ್ನು ಹಿಡಿಯುತ್ತದೆ. ಲಿವರ್ ಬಿಟ್ಟರೆ ಗಾಲಿ ಹಿಂದೆ ಸರಿದು ಬೆಲ್ಟು ಸಡಿಲಾಗಬೇಕು; ಎಂಜಿನ್ ಓಡುತ್ತಿದ್ದರೂ ಹಲ್ಲು ನಿಲ್ಲಬೇಕು. ಈ ‘ಸಡಿಲಾಗಬೇಕು’ ಎಂಬ ಮಾತನ್ನು ನಾನು ಮರೆತಿದ್ದೆ.

ಎರಡು ಬೆಲ್ಟುಗಳ ಕಥೆ

ಮೇ ಎರಡನೇ ವಾರದಲ್ಲೇ ಯಂತ್ರ ಜಾರತೊಡಗಿತ್ತು. ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಹಲ್ಲು ಮಾತ್ರ ಅರೆಮನಸ್ಸಿನಿಂದ ತಿರುಗುತ್ತದೆ, ಸುಟ್ಟ ರಬ್ಬರ್ ವಾಸನೆ. ನಾನು ಗಾರ್ಡ್ ಬಿಚ್ಚಿ ನೋಡಿದೆ. ಬೆಲ್ಟಿನ ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದವು. ಹಳೆಯದಾಗಿದೆ ಎಂದು ತೀರ್ಮಾನಿಸಿ, ಅದೇ ಅಳತೆಯ ಹೊಸದು ತಂದು ಹಾಕಿದೆ. ನಾಲ್ಕು ದಿನದ ಕೆಲಸಕ್ಕೆ ಅದೂ ಸುಟ್ಟುಹೋಯಿತು.

ಕಾಕಾ ಆಗಲೇ ನನಗೊಂದು ಮಾತು ಹೇಳಿದ್ದರು. ಅವರು ಕನ್ನಡ ಮಾತಾಡುತ್ತಾರೆ ಎಂದು ನನಗೆ ಗೊತ್ತಾದದ್ದೇ ಈ ಯಂತ್ರದಿಂದ. ಒಮ್ಮೆ ಸ್ಟಾರ್ಟ್ ಆಗದಿದ್ದಾಗ ‘ಏನ್ ಹಟಾ ಮಾಡ್ತದ ನೋಡ್ ಇದು’ ಎಂದು ಅದನ್ನು ಬೈಯುತ್ತಿದ್ದರು, ಅಂದಿನಿಂದ ನಮ್ಮ ನಡುವೆ ಮರಾಠಿ ಇಲ್ಲ. ಬೆಲ್ಟು ಸುಟ್ಟ ದಿನ ಅವರು ಗಾರ್ಡಿನೊಳಗೆ ಬೆರಳು ತೋರಿಸಿ, ‘ಸಾಹೇಬ್ರ, ಬೆಲ್ಟ್ ಅಲ್ರಿ, ಈ ಸಣ್ಣ ಗಾಲಿ ತಿರಗವಲ್ದು’ ಎಂದಿದ್ದರು. ನಾನು ಆಫೀಸಿನ ಕಾಲ್‌ನಲ್ಲಿದ್ದೆ. ಕಿವಿಯಿಂದ ಇಯರ್‌ಫೋನ್ ಕೂಡ ತೆಗೆಯದೆ, ‘ನೋಡೂಣ ಕಾಕಾ’ ಎಂದೆ. ನೋಡಲಿಲ್ಲ.

ಬದಲಿಗೆ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಜಾರುತ್ತಿದೆ ಎಂದರೆ ಬಿಗಿ ಸಾಲದು; ಹಾಗಾದರೆ ಒಂದಿಂಚು ಚಿಕ್ಕ ಬೆಲ್ಟು ಹಾಕೋಣ. ಸ್ಕ್ರೂಡ್ರೈವರ್‌ನಿಂದ ಮೀಟಿ ಮೀಟಿ ಪುಲ್ಲಿಗೆ ಏರಿಸಿದೆ. ಜಾರುವುದು ನಿಂತಿತು. ನನಗೆ ಹೆಮ್ಮೆ. ಅದು ಎರಡನೇ ಬೆಲ್ಟು. ಅದರ ಮುಂದಿನ ಭಾನುವಾರವೇ ಯಂತ್ರ ಕಟ್ಟೆ ಹತ್ತಿದ್ದು.

ಫೋಟೊ ತೆಗೆಯಲು ಹೋದಾಗ

ಸಭೆ ಮುಗಿದ ವಾರದ ಶನಿವಾರ, ಮಾರಾಟದ ಜಾಹೀರಾತಿಗೆ ಫೋಟೊ ಬೇಕೆಂದು ಪಂಪ್‌ಹೌಸ್ ಪಕ್ಕದ ಶೆಡ್ಡಿಗೆ ಹೋದೆ. ಬೆಲ್ಟು ಹೊಸದೆಂದು ಕೊಳ್ಳುವವರಿಗೆ ತೋರಿಸಲು ಗಾರ್ಡ್ ತೆಗೆದೆ. ಲಿವರ್ ಬಿಟ್ಟೇ ಇತ್ತು. ಆದರೂ ಬೆಲ್ಟು ತಂಬೂರಿ ತಂತಿಯಂತೆ ನಿಂತಿತ್ತು.

ಎದೆ ಧಸಕ್ಕೆಂದಿತು. ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು ದೂರ ಸರಿಸಿದೆ, ಎಂಜಿನ್ ಅಕಸ್ಮಾತ್ತಾಗಿಯೂ ಹೊತ್ತಿಕೊಳ್ಳಬಾರದು. ಹಲ್ಲುಗಳು ನೆಲದಿಂದ ಮೇಲಿದ್ದವು. ಹತ್ತಿರ ಯಾರೂ ಇರಲಿಲ್ಲ. ಲಿವರ್ ಮುಟ್ಟದೆ ಸ್ಟಾರ್ಟರ್ ಹಗ್ಗವನ್ನು ನಿಧಾನವಾಗಿ ಎಳೆದೆ. ಹಲ್ಲಿನ ಉರುಳೆ ತಿರುಗಿತು. ಇನ್ನೊಮ್ಮೆ ಎಳೆದೆ, ಮತ್ತೆ ತಿರುಗಿತು.

ಕಾಕಾ ಲಿವರ್ ಬಿಟ್ಟಿದ್ದರು. ನಾನು ಹಾಕಿದ ಬೆಲ್ಟು ಬಿಟ್ಟಿರಲಿಲ್ಲ.

ನಾಲ್ಕು ಜನರೆದುರು ನಾನಾಡಿದ ಮಾತು ನೆನಪಾಯಿತು. ಪಕ್ಕದ ಕೋಣೆಯಿಂದ ಕಾಕಾ ಅವರನ್ನು ಕರೆದು, ಹಗ್ಗ ಎಳೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ‘ನಾ ಬಿಟ್ಟಿದ್ನೆಲ್ರಿ’ ಎಂದರು. ಅಷ್ಟೇ. ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಕೂತು ಬಿಚ್ಚುವುದೆಂದು ಗೊತ್ತಾಯಿತು.

ಬಿಚ್ಚಿದಾಗ ಕಂಡದ್ದು

ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ವೈರ್ ತೆಗೆದು, ಕಾಲ ಕೆಳಗೆ ಗೋಣಿಚೀಲ ಹಾಸಿಕೊಂಡು ಶುರು ಮಾಡಿದೆವು. ಯಂತ್ರವನ್ನು ವಾಲಿಸುವಾಗ ಏರ್‌ಫಿಲ್ಟರ್ ಇರುವ ಪಕ್ಕ ಮೇಲೆ ಬರುವಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಎಂಜಿನ್ ಆಯಿಲ್ ಫಿಲ್ಟರಿಗೆ ಇಳಿಯುತ್ತದೆ. ಬೆಲ್ಟನ್ನು ಈ ಸಲ ಮೀಟಲಿಲ್ಲ. ಐಡ್ಲರ್ ಬೋಲ್ಟು ಬಿಚ್ಚಿದರೆ ಅದು ತಾನೇ ಕೈಗೆ ಬರುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಒಳಗಿನ ನೂಲಿನ ಎಳೆಗಳು ತುಂಡಾಗುತ್ತವೆ. ಹೊರಗೆ ಏನೂ ಕಾಣುವುದಿಲ್ಲ, ಒಂದು ದಿನ ಪಟ್ಟನೆ ಹರಿಯುತ್ತದೆ.

ಹಳೆಯ ಬೆಲ್ಟುಗಳನ್ನು ನಾನು ಎಸೆದಿರಲಿಲ್ಲ. ಈಗ ಅವನ್ನು ಸರಿಯಾಗಿ ಓದಿದೆ. ಬೆಲ್ಟು ತನಗಾದ ನೋವನ್ನು ಮೈಮೇಲೆ ಬರೆದುಕೊಂಡಿರುತ್ತದೆ. ಪಕ್ಕಗಳು ಹೊಳೆಯುತ್ತಿದ್ದರೆ ಜಾರಿದೆ. ಒಂದೇ ಪಕ್ಕ ಸವೆದಿದ್ದರೆ ಪುಲ್ಲಿಗಳು ಸಾಲಿನಲ್ಲಿಲ್ಲ. ಒಳಮೈ ಬಿರಿದಿದ್ದರೆ ಬಿಸಿ ಅಥವಾ ವಯಸ್ಸು. ಬೆನ್ನು ಸುಟ್ಟಿದ್ದರೆ ಐಡ್ಲರ್ ತಿರುಗುತ್ತಿಲ್ಲ. ನಮ್ಮ ಎರಡು ಹಳೆಯ ಬೆಲ್ಟುಗಳ ಬೆನ್ನೂ ಕಪ್ಪಗೆ ಸುಟ್ಟು ಕರಕಲಾಗಿತ್ತು. ನಾನು ಪಕ್ಕಗಳನ್ನಷ್ಟೇ ನೋಡಿ ಬೆನ್ನು ತಿರುಗಿಸಿ ನೋಡಿರಲಿಲ್ಲ.

ಐಡ್ಲರ್ ಗಾಲಿ ಕೈಯಲ್ಲಿ ತಿರುಗಿಸಿದರೂ ತಿರುಗಲಿಲ್ಲ. ಒಳಗಿನ ಬೇರಿಂಗ್ 6203, ಅಂದರೆ 17 ಮಿ.ಮೀ. ಒಳವ್ಯಾಸ, 40 ಮಿ.ಮೀ. ಹೊರವ್ಯಾಸ, 12 ಮಿ.ಮೀ. ದಪ್ಪ. ಸಾಮಾನ್ಯಕ್ಕಿಂತ ಸಾಮಾನ್ಯ ಬೇರಿಂಗು. ತೆಗೆದು ನೋಡಿದರೆ ಒಳಗೆ ಗ್ರೀಸಿನ ಬದಲು ಕೆಂಪು ತುಕ್ಕು. ಗಾಲಿ ತಿರುಗದೆ ನಿಂತಾಗ ಓಡುವ ಬೆಲ್ಟು ಅದರ ಮೇಲೆ ಉಜ್ಜುತ್ತದೆ. ಒಂದೇ ಜಾಗದಲ್ಲಿ ಗಾಲಿಯೂ ಸವೆದು ಚಪ್ಪಟೆಯಾಗಿತ್ತು. ತೋಳಿನ ತಿರುಗಣಿಗೂ ತುಕ್ಕು. ಲಿವರ್ ಹಿಡಿದರೂ ತೋಳು ಅರ್ಧ ದಾರಿಗೆ ನಿಲ್ಲುತ್ತಿತ್ತು. ಬೆಲ್ಟಿಗೆ ಬೇಕಾದ ಬಿಗಿ ಸಿಗದೆ ಅದು ಜಾರುತ್ತಿದ್ದದ್ದು ಇದಕ್ಕೇ.

ತುಕ್ಕು ಎಲ್ಲಿಂದ ಬಂತು? ಇದಕ್ಕೂ ಉತ್ತರ ದೂರ ಇರಲಿಲ್ಲ. ಹಿಂದಿನ ವರ್ಷ ಸೊಸೈಟಿಗೆ ಪ್ರೆಷರ್ ವಾಷರ್ ಕೊಡಿಸಿದ್ದು ನಾನು. ‘ಪ್ರತಿದಿನ ಕೆಲಸ ಮುಗಿದ ಮೇಲೆ ಯಂತ್ರ ತೊಳೆದಿಡಿ’ ಎಂದು ಹೇಳಿದ್ದೂ ನಾನು. ಬೇರಿಂಗಿನ ಎರಡೂ ಪಕ್ಕ ರಬ್ಬರ್ ಸೀಲ್ ಇರುತ್ತದೆ ನಿಜ, ಅದು ಧೂಳು ಮತ್ತು ಹನಿನೀರಿಗೆ. ಒತ್ತಡದ ನೀರನ್ನು ಹತ್ತಿರದಿಂದ ಹೊಡೆದರೆ ಸೀಲಿನ ತುಟಿ ಸರಿದು ನೀರು ಒಳಗೆ ಹೋಗುತ್ತದೆ, ಗ್ರೀಸ್ ಹೊರಗೆ ಬರುತ್ತದೆ. ಕಾಕಾ ನಾನು ಹೇಳಿದ್ದನ್ನು ಶ್ರದ್ಧೆಯಿಂದ ಮಾಡಿದ್ದರು.

ಕೂಡಿಸುವ ಲೆಕ್ಕ

ವಿ-ಬೆಲ್ಟು ಪುಲ್ಲಿಯನ್ನು ಹೇಗೆ ಹಿಡಿಯುತ್ತದೆ ಎಂಬುದನ್ನು ನಾನು ಪರೀಕ್ಷೆಗೆ ಬರೆದು ಅಂಕ ತೆಗೆದಿದ್ದೆ. ಬೆಲ್ಟು ಕುಳಿಯ ತಳಕ್ಕೆ ಕೂರುವುದಿಲ್ಲ; ಎರಡು ಇಳಿಜಾರು ಗೋಡೆಗಳ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಎರಡೂ ಪಕ್ಕಗಳ ನಡುವಿನ ಕೋನ ಸುಮಾರು 40 ಡಿಗ್ರಿ. ಈ ಬೆಣೆಯಿಂದಾಗಿ ಚಪ್ಪಟೆ ಪಟ್ಟಾಕ್ಕಿಂತ ಹಿಡಿತ ಹತ್ತಿರ ಹತ್ತಿರ 3 ಪಟ್ಟು. ಆದ್ದರಿಂದ ಕುಳಿಯ ತಳ ಮಿರಮಿರ ಮಿಂಚುತ್ತಿದ್ದರೆ ಪುಲ್ಲಿ ಸವೆದಿದೆ ಎಂದೇ ಅರ್ಥ. ಬೆಲ್ಟು ತಳಕ್ಕಿಳಿದು ಬೆಣೆಯ ಗುಣ ಕಳೆದುಕೊಂಡಿದೆ. ಆಗ ಎಷ್ಟು ಹೊಸ ಬೆಲ್ಟು ಹಾಕಿದರೂ ಜಾರುತ್ತದೆ. ಟಾರ್ಚ್ ಹಿಡಿದು ನೋಡಿದೆವು. ನಮ್ಮ ಪುಲ್ಲಿಗಳ ತಳದಲ್ಲಿ ಮಸಿಯಂಥ ಧೂಳು ಹಾಗೇ ಇತ್ತು. ಬದುಕಿದೆವು.

ಸಾಲು ನೋಡಲು ದುಬಾರಿ ಲೇಸರ್ ಬೇಕಿಲ್ಲ. ಕಾಕಾ ಹೂಪಾತಿ ಹಾಕಲು ಬಳಸುವ ದಾರವನ್ನು ತಂದರು. ಒಂದು ಪುಲ್ಲಿಯ ಮುಖದಿಂದ ಇನ್ನೊಂದರ ಮುಖಕ್ಕೆ ಬಿಗಿಯಾಗಿ ಎಳೆದರೆ ದಾರ ನಾಲ್ಕು ಕಡೆ ಮುಟ್ಟಬೇಕು, ಎರಡೂ ಪುಲ್ಲಿಗಳ ಎರಡೆರಡು ಅಂಚಿಗೆ. ನಮ್ಮದು ಮೂರು ಕಡೆಯೂ ಮುಟ್ಟಲಿಲ್ಲ. ಎಂಜಿನ್ ಪುಲ್ಲಿಯ ಗ್ರಬ್ ಸ್ಕ್ರೂ ಸಡಿಲಾಗಿ ಅದು ಸುಮಾರು 5 ಮಿ.ಮೀ. ಹೊರಗೆ ಸರಿದಿತ್ತು. ಒಳಗೆ ತಳ್ಳಿ, ಕೀ ಸರಿಯಾಗಿ ಕೂತಿದೆಯೇ ನೋಡಿ, ಸ್ಕ್ರೂ ಬಿಗಿ ಮಾಡಿದೆವು.

ಭೋಸರಿಯಲ್ಲಿ ಬೇರಿಂಗ್ ಅಂಗಡಿಗಳಿಗೆ ಬರವಿಲ್ಲ. ಮಧ್ಯಾಹ್ನ ಹೊರಟು ಎರಡೂ ಕಡೆ ಸೀಲ್ ಇರುವ 6203, ಹೊಸ ಐಡ್ಲರ್ ಗಾಲಿ, ಸರಿಯಾದ ಅಳತೆಯ ಬೆಲ್ಟು ತಂದೆವು. ಬೇರಿಂಗಿನ ಬೆಲೆ ಇಬ್ಬರ ಮಿಸಳ್-ಪಾವ್ ಮತ್ತು ಚಹಾಕ್ಕಿಂತ ಹೆಚ್ಚಾಗಲಿಲ್ಲ. ಬೆಲ್ಟು ಕೊಳ್ಳುವಾಗ ಎರಡು ಸಂಗತಿ ನೆನಪಿಡಬೇಕು. ಒಂದು, ಅಳತೆ. ‘ಎ’ ವರ್ಗದ ಬೆಲ್ಟಿನ ಮೇಲ್ಭಾಗ 13 ಮಿ.ಮೀ. ಅಗಲ, ದಪ್ಪ 8 ಮಿ.ಮೀ.; ಅಕ್ಷರದ ಮುಂದಿನ ಅಂಕಿ ಒಳಸುತ್ತಿನ ಇಂಚು. ಹೊರಗಿನಿಂದ ಟೇಪು ಸುತ್ತಿ ಅಳೆದರೆ ಸುಮಾರು 2 ಇಂಚು ಹೆಚ್ಚು ತೋರಿಸುತ್ತದೆ. ಸವೆದು ಹಿಗ್ಗಿದ ಬೆಲ್ಟನ್ನು ಅಳೆಯುವುದಕ್ಕಿಂತ ಯಂತ್ರದ ಪುಸ್ತಕದಲ್ಲಿರುವ ಸಂಖ್ಯೆಯನ್ನು ನಂಬುವುದು ಮೇಲು. ಎರಡು, ಜಾತಿ. ಬೆಲ್ಟೇ ಕ್ಲಚ್ ಆಗಿರುವ ಯಂತ್ರಕ್ಕೆ ಮೇಲೆ ಒಣ ಬಟ್ಟೆಯ ಹೊದಿಕೆ, ಒಳಗೆ ಗಟ್ಟಿ ಅರಾಮಿಡ್ ನೂಲು ಇರುವ ಬೆಲ್ಟು ಬೇಕು. ಅದು ಹಿಡಿಯಲೂ ಬಲ್ಲದು, ಬಿಡಲೂ ಬಲ್ಲದು. ಬರೀ ರಬ್ಬರ್ ಮೈಯ ಬೆಲ್ಟು ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ.

ಬೇರಿಂಗನ್ನು ಗಾಲಿಯೊಳಗೆ ಕೂರಿಸುವಾಗ ಹೊರ ಉಂಗುರದ ಮೇಲಷ್ಟೇ ಒತ್ತಡ ಬೀಳಬೇಕು. ಅದೇ ವ್ಯಾಸದ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿದೆವು. ಒಳ ಉಂಗುರಕ್ಕೆ ಹೊಡೆದರೆ ಪೆಟ್ಟು ಗುಂಡುಗಳ ಮೂಲಕ ಹಾದು, ಹೊಸ ಬೇರಿಂಗಿಗೆ ಹುಟ್ಟಿದ ದಿನವೇ ಗಾಯವಾಗುತ್ತದೆ. ತೋಳಿನ ತಿರುಗಣಿಯನ್ನು ಉಜ್ಜಿ ತುಸು ಗ್ರೀಸ್ ಹಚ್ಚಿದೆವು. ಚೈನಿಗೆ ಎಣ್ಣೆ ಬಿಟ್ಟೆವು. ಒಂದೇ ಗಾರ್ಡಿನೊಳಗೆ ಚೈನು ಎಣ್ಣೆ ಬೇಡುತ್ತದೆ, ಬೆಲ್ಟಿಗೆ ಎಣ್ಣೆ ಆಗದು. ಹಾಗಾಗಿ ಬೆಲ್ಟು ಮುಟ್ಟುವ ಮುಂಚೆ ಕಾಕಾ ಸೋಪು ಹಾಕಿ ಕೈ ತೊಳೆದು ಬಂದರು, ನನಗೂ ತೊಳೆಯಲು ಹೇಳಿದರು.

ಪುಲ್ಲಿಯ ಪಕ್ಕದಲ್ಲಿ ಬೆಲ್ಟು ಹೊರಗೆ ಹಾರದಂತೆ ತಡೆಯುವ ಸಣ್ಣ ಸರಳುಗಳಿರುತ್ತವೆ. ಅವು ಒಳಕ್ಕೆ ಬಾಗಿದ್ದರೆ ಬೆಲ್ಟನ್ನು ಉಜ್ಜುತ್ತವೆ, ಹೊರಕ್ಕೆ ಬಾಗಿದ್ದರೆ ಪ್ರಯೋಜನವಿಲ್ಲ. ಲಿವರ್ ಹಿಡಿದಿರುವಾಗ ಬೆಲ್ಟಿಗೂ ಸರಳಿಗೂ ನಡುವೆ ಸುಮಾರು 3 ಮಿ.ಮೀ. ಸಂದು ಇರುವಂತೆ ನೇರ ಮಾಡಿದೆವು. ಬಿಗಿ ನೋಡಲು ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತುವ ಪದ್ಧತಿ ಇದೆಯಲ್ಲ, ಅದು ಪುಲ್ಲಿಗಳು ಸ್ಥಿರವಾಗಿರುವ ಯಂತ್ರಗಳಿಗೆ. ಇಲ್ಲಿ ಬಿಗಿ ಕೊಡುವುದು ಸ್ಪ್ರಿಂಗ್ ಮತ್ತು ಕೇಬಲ್. ಲಿವರ್ ಬಿಟ್ಟಾಗ ಕೇಬಲ್ಲಿನಲ್ಲಿ ಕೊಂಚ ಸಡಿಲ, ಹಿಡಿದಾಗ ಸ್ಪ್ರಿಂಗ್ ಹಿಗ್ಗಬೇಕು. ಇದಿಷ್ಟೇ ಲೆಕ್ಕ.

ಕೊನೆಗೆ ಮತ್ತದೇ ಪರೀಕ್ಷೆ. ಪ್ಲಗ್ ವೈರ್ ಇಲ್ಲದೆ, ಲಿವರ್ ಬಿಟ್ಟು ಹಗ್ಗ ಎಳೆದೆ. ಉರುಳೆ ಅಲುಗಲಿಲ್ಲ. ಕಾಕಾ ಲಿವರ್ ಹಿಡಿದರು, ಎಳೆದೆ, ತಿರುಗಿತು. ಬಿಟ್ಟರು, ನಿಂತಿತು. ಗಾರ್ಡ್ ಹಾಕಿ ಎಲ್ಲ ಬೋಲ್ಟು ಬಿಗಿ ಮಾಡಿದ ಮೇಲೆಯೇ ಪ್ಲಗ್ ವೈರ್ ಸಿಕ್ಕಿಸಿದೆವು.

ಗಿರಣಿಯ ಪಾಠ

ನಮ್ಮೂರಲ್ಲಿ ಸೋದರಮಾವನದೊಂದು ಹಿಟ್ಟಿನ ಗಿರಣಿ ಇತ್ತು. ಡೀಸೆಲ್ ಎಂಜಿನ್, ಉದ್ದನೆಯ ಚಪ್ಪಟೆ ಪಟ್ಟಾ. ರಜೆಯಲ್ಲಿ ಅಲ್ಲೇ ಕೂತಿರುತ್ತಿದ್ದೆ. ಮಾವ ಎರಡನೇ ತರಗತಿಯ ಆಚೆ ಓದಿದವನಲ್ಲ. ಪ್ರತಿದಿನ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ಒಂದೊಂದು ಗಾಲಿಯನ್ನೂ ಕೈಯಿಂದ ಒಂದು ಸುತ್ತು ತಿರುಗಿಸಿ, ಕಿವಿ ಹತ್ತಿರ ತಂದು ಕೇಳುತ್ತಿದ್ದ. ಅದನ್ನು ನಾನು ಪೂಜೆಯ ಹಾಗೆ ಒಂದು ಪದ್ಧತಿ ಎಂದುಕೊಂಡಿದ್ದೆ. ಆಮೇಲೆ ಕಾಲೇಜಿನಲ್ಲಿ ಬೆಲ್ಟಿನ ಸೂತ್ರಗಳನ್ನು ಕಲಿತೆ. ಗಾಲಿ ತಿರುಗಿಸಿ ನೋಡುವುದನ್ನು ಬಿಟ್ಟೆ. ಆಫೀಸಿನಲ್ಲಿ ಸರ್ವರ್ ಬಿದ್ದರೆ ‘ಮೊದಲು ಕಾರಣ ಹುಡುಕಿ, ಆಮೇಲೆ ರೀಸ್ಟಾರ್ಟ್ ಮಾಡಿ’ ಎಂದು ಹುಡುಗರಿಗೆ ಹೇಳುವವನೂ ನಾನೇ.

ಆ ಭಾನುವಾರ ಸಂಜೆ ಕಮಿಟಿಯವರನ್ನು ಹುಲ್ಲುಹಾಸಿಗೆ ಕರೆದೆ. ಎರಡೂ ಸುಟ್ಟ ಬೆಲ್ಟು, ತುಕ್ಕು ಹಿಡಿದ ಬೇರಿಂಗು, ನಾನು ಹಾಕಿದ್ದ ಒಂದಿಂಚು ಚಿಕ್ಕ ಬೆಲ್ಟು, ಎಲ್ಲವನ್ನೂ ಬೆಂಚಿನ ಮೇಲಿಟ್ಟು, ಕಾಕಾ ಅವರೆದುರೇ, ಎಲ್ಲರಿಗೂ ತಿಳಿಯುವ ಮರಾಠಿಯಲ್ಲಿ ಹೇಳಿದೆ: ‘ಲಿವರ್ ಅವರು ಬಿಟ್ಟಿದ್ದರು. ತಪ್ಪು ಬೆಲ್ಟು ನನ್ನದು. ಸಭೆಯಲ್ಲಿ ನಾನು ಹೇಳಿದ್ದು ಸುಳ್ಳು.’ ಒಬ್ಬರು ‘ಹೋಗಲಿ ಬಿಡಿ, ಏನೂ ಆಗಲಿಲ್ಲವಲ್ಲ’ ಎಂದರು. ಒಂದು ಗೇಣು ಆಚೀಚೆ ಆಗಿದ್ದರೆ ಏನಾಗುತ್ತಿತ್ತು ಎಂದು ಕಾಕಾ ಅವರ ಪಾದ ನೋಡಿ ಹೇಳಬೇಕಾಯಿತು. ಯಂತ್ರ ಮಾರುವ ತೀರ್ಮಾನ ರದ್ದಾಯಿತು. ಜೂನ್ ಮೊದಲ ವಾರದಲ್ಲಿ ಉಳಿದೆರಡು ಸೊಸೈಟಿಗಳ ಕೆಲಸವೂ ಮುಗಿದು, ಕಾಕಾ ಬೀಜ ತರಲು ಊರಿಗೆ ಹೋಗಿಬಂದರು.

ಶೆಡ್ಡಿನ ಬಾಗಿಲಿಗೆ ಈಗ ಮೂರು ಸಾಲು ಬರೆದು ಅಂಟಿಸಿದ್ದೇವೆ, ಮರಾಠಿಯಲ್ಲೂ ಕನ್ನಡದಲ್ಲೂ: ಪ್ಲಗ್ ವೈರ್ ತೆಗೆಯದೆ ಗಾರ್ಡ್ ಬಿಚ್ಚಬಾರದು. ನೀರು ಹೊಡೆಯಬಾರದು, ಮಣ್ಣು ಒಣಗಿದ ಮೇಲೆ ಬ್ರಷ್ಷಿನಿಂದ ಕೆರೆಯಬೇಕು. ಕೆಲಸ ಶುರು ಮಾಡುವ ಮುಂಚೆ ಲಿವರ್ ಬಿಟ್ಟು, ಹಲ್ಲು ನಿಲ್ಲುತ್ತದೆಯೇ ನೋಡಬೇಕು. ಕನ್ನಡದ ಸಾಲುಗಳನ್ನು ಓದುವವರು ಇಡೀ ಸೊಸೈಟಿಯಲ್ಲಿ ನಾವಿಬ್ಬರೇ.

ಅವತ್ತು ಬೆಂಚಿನ ಹತ್ತಿರ ಎಲ್ಲರೂ ಚದುರಿದ ಮೇಲೆ, ‘ತಪ್ಪಾತು ಕಾಕಾ’ ಎಂದೆ. ಅವರು ಹಳೆಯ ಬೇರಿಂಗನ್ನು ಅಂಗೈಯಲ್ಲಿ ಹಿಡಿದು ತಿರುಗಿಸಲು ನೋಡುತ್ತಿದ್ದರು.

‘ಇರ್ಲಿ ಬಿಡ್ರಿ ಸಾಹೇಬ್ರ. ಇನ್ನೊಂದ್ ಸಲ ಗಾಲಿ ತಿರಗವಲ್ದು ಅಂದ್ರ, ಕಿವ್ಯಾಗಿಂದು ತಗದು, ಒಮ್ಮಿ ತಿರಗಿಸಿ ನೋಡ್ರಿ’ ಎಂದರು.